ಕಾಮಣ್ಣನ ಪಾಲಿಗೆ ಹೋದ ಗಾಡಿ

ಹೋಳಿ ಹುಣ್ಣಿವಿ ಮರುದಿನ ಮುಂಜಾನೆ ಎದ್ದು ನೋಡಿದ್ರ ಗುರುಬಸಮ್ಮನ ಮಿರ್ಚಿ ಗಾಡಿ ಅಂಗಳದಾಗ ಇಲ್ಲ. ಕೊಟ್ಟೂರು ಬಸ್ ಸ್ಟ್ಯಾಂಡಿನಾಗ ಎಸ್ಟಿಡಿ ಬೂತಿನ ಪಕ್ಕದ ಜಾಗ ಆಕಿದು. ಗಂಡ ಸತ್ತ ಮ್ಯಾಲೆ ಹೊಟ್ಟಿಗೆ ಹಾಕಿದ್ದು ಅದೊಂದ ಗಾಡಿ. ಗಾಡಿ ನಿಲ್ಲಲಿಲ್ಲ ಅಂದ್ರ ಜಾಗಾನೂ ಹೋಗತೈತಿ. ಅಲ್ಲಿ ಖಾಲಿ ಜಾಗಕ್ಕ ಬಾಯಿ ಬಿಟ್ಕೊಂಡು ಕುಂತ ಮಂದಿ ಕಮ್ಮಿ ಇಲ್ಲ.

ಮೈದುನ ಉಜ್ಜಿನಪ್ಪ ಓಡಿ ಬಂದ. "ಅತ್ತಿಗಿ, ನಾನ ಕಣ್ಣಾರೆ ನೋಡೀನಿ. ಆ ಓಬಳೇಶ ನಿಮ್ಮ ಗಾಡಿ ತಂದು ಕಾಮಣ್ಣನ ಬೆಂಕಿಗೆ ತಳ್ಳಿದ. ಪೂರಾ ಸುಟ್ಟು ಹೋತು."

ಕಾಮಣ್ಣನ ಹೆಸರಿನಾಗ ಹುಡುಗ್ರು ಕಟ್ಟಿಗಿ, ಕುಳ್ಳು ಕದೀತಾರ, ಮಂದಿ ಬೈತಾರ, ಬೈದು ಸುಮ್ಮನಾಗ್ತಾರ. ಅದು ಊರಿನ ಪದ್ಧತಿ. ಆದ್ರ ಹೊಟ್ಟಿಪಾಡಿನ ಗಾಡಿ ಸುಡೋದು ಯಾವ ಸೀಮಿ ಹಬ್ಬ? ಗುರುಬಸಮ್ಮ ಸೆರಗು ಸೊಂಟಕ್ಕ ಸಿಗಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಓಣಿ ಹುಡುಗರಿಗೆ ಮುಂದಾಳು ಓಬಳೇಶ, ಕೂಡ್ಲಿಗಿಗೆ ಟ್ರ್ಯಾಕ್ಸ್ ಜೀಪು ಓಡಿಸೋನು, ಅಲ್ಲೇ ಸೀಟು ತುಂಬಿಸಿಕೊಳ್ತಿದ್ದ.

"ಕಳ್ಳ ನನ್ನ ಮಗನ, ನಿನ್ನ ಕೈ ಸೇದಿ ಹೋಗಲಿ. ರಂಡಿಮುಂಡಿ ಅನ್ನ ಸುಟ್ಟು ಹಬ್ಬ ಮಾಡ್ತೀಯಾ?"

"ನಾನಲ್ಲ" ಅಂದ ಓಬಳೇಶ. ಕೇಳೋರು ಯಾರು? ಗದ್ದಲ ಕೇಳಿ ಬಂದ ಪೊಲೀಸರು ಆತನ್ನ ಕರಕೊಂಡು ಹೋಗಿ ಸಂಜಿತನಕ ಕುಂದರಿಸಿದ್ರು. ಟ್ರ್ಯಾಕ್ಸಿನ ಮಾಲಕ, ಕಳ್ಳಗ ನನ್ನ ಗಾಡಿ ಕೊಡಂಗಿಲ್ಲ ಅಂತ ಕೀಲಿ ಕಸಗೊಂಡ. ಹೊತ್ತು ಮುಣುಗೋದ್ರಾಗ ಉಜ್ಜಿನಪ್ಪ ತನ್ನ ಮಗನ ಚಹಾದ ಮೇಜು ತಂದು ಗುರುಬಸಮ್ಮನ ಜಾಗದಾಗ ಇಟ್ಟ. "ಬ್ಯಾರೆಯವ್ರು ನುಂಗಬಾರ್ದಲ್ಲ ಅತ್ತಿಗಿ, ನಿಮ್ಮ ಸಲುವಾಗೇ" ಅಂದ. ಆಕಿ ಕೈಯೆತ್ತಿ ಮುಗದಳು, ಪಾಪ.

ಅದರ ಮರುದಿನ ಓಕುಳಿ. ಊರೆಲ್ಲ ಬಣ್ಣ ಎರಚ್ತಿದ್ರ ಗುರುಬಸಮ್ಮ ಗಾಡಿ ಕಬ್ಬಿಣನಾದ್ರೂ ಸಿಗಲಿ ಅಂತ ಕಾಮಣ್ಣನ ಬೂದಿ ಕೆದರಾಕ ಹೋದಳು. ಕೆದರಿದಳು, ಜರಡಿ ಹಿಡದಳು. ಗಾಲಿ ಪಟ್ಟಿ ಇಲ್ಲ, ಅಚ್ಚು ಇಲ್ಲ. ಹೋಗಲಿ, ಅವನ್ನ ಯಾರಾದ್ರೂ ಗುಜರಿಗೆ ಒಯ್ದಿರಬೇಕು ಅನ್ನೋಣ. ಗಾಡಿಗೆ ಹಲಗಿ ಹಲಗಿಗೂ ಆಕೀನ ಬಡಿದ ಮೊಳಿ ಇದ್ವು. ಅವನ್ನ ಬೂದ್ಯಾಗಿಂದ ಯಾರು ಆರಿಸ್ತಾರ? ಒಂದು ಮೊಳಿ ಸೈತ ಸಿಗಲಿಲ್ಲ. ಗಾಡಿ ಇಲ್ಲಿ ಸುಟ್ಟಿಲ್ಲ. ಮತ್ತ ಸುಡೋದನ್ನ ಕಣ್ಣಾರೆ ಕಂಡಾವ ಏನ್ ಕಂಡ?

ತನ್ನ ಜಾಗದಾಗ ಬಂದು ಕುಂತ ಚಹಾದ ಮೇಜು ಆಕಿಗೆ ನೆನಪಾತು. ನೆಟ್ಟಗ ಉಜ್ಜಿನಪ್ಪನ ಹಿತ್ತಲಕ್ಕ ನುಗ್ಗಿ, ಗಾಡಿ ಮುಚ್ಚೋವಷ್ಟು ಎತ್ತರದ ಶೇಂಗಾ ಹೊಟ್ಟಿನ ರಾಶಿಗೆ ಕೈ ಹಾಕಿದಳು. ಗಾಡಿ ಒಳಗ ಸುಖವಾಗಿ ಮಲಗಿತ್ತು.

ಉಜ್ಜಿನಪ್ಪ ಮನಿಯೊಳಗಿಂದ ಓಡಿ ಬಂದ. "ಅತ್ತಿಗಿ, ಮನಿ ಮಾತು ಮನ್ಯಾಗ ಇರ್ಲಿ. ಹೊರಗ ಹೋದ್ರ ನಿಮ್ಮ ಗಂಡನ ಹೆಸರೂ ಹೋಗತೈತಿ."

ಆಕಿ ಗಾಡಿ ಎಳಕೊಂಡು ಓಬಳೇಶನ ಮನಿ ಮುಂದ ನಿಂತಳು. ಹಬ್ಬದ ದಿನ ಆತನ ಅಂಗಿ ಮ್ಯಾಲೆ ಒಂದು ಹನಿ ಬಣ್ಣ ಇರಲಿಲ್ಲ. ಯಾರೂ ಹಚ್ಚಿರಲಿಲ್ಲ.

"ತಪ್ಪಾತಪ್ಪ" ಅಂದಳು ಮೆಲ್ಲಗ. "ಗಾಡಿ ಕದ್ದಾವ ನನ್ನ ಮೈದುನ."

"ಬೈಯೋ ಮುಂದ ಇಷ್ಟು ಮೆಲ್ಲಗ ಬೈದಿರೇನ್ರಿ? ಬಸ್ ಸ್ಟ್ಯಾಂಡಿಗೆ ಕೇಳಂಗ ಕಳ್ಳ ಅಂದ್ರಿ. ಈಗ ನನಗೊಬ್ಬಗ ಕೇಳಿದ್ರ ನನ್ನ ಕೀಲಿ ಬರತೈತೇನು?"

ಗುರುಬಸಮ್ಮಗ ಗಂಡನ ಹೆಸರು ನೆನಪಾತು. ಆದ್ರೂ ಗಾಡಿ ತಳ್ಳಿಕೊಂಡು ಬಸ್ ಸ್ಟ್ಯಾಂಡಿಗೆ ನಡದಳು. ಚಹಾದ ಮೇಜು ದಬ್ಬಿ, ತನ್ನ ಜಾಗದಾಗ ನಿಂತು, ಗಂಟಲು ಬಿಚ್ಚಿ ಕೂಗಿದಳು. "ಕೇಳ್ರಪ್ಪೋ, ಓಬಳೇಶ ಕಳ್ಳ ಅಲ್ಲ. ನನ್ನ ಮೈದುನ ಉಜ್ಜಿನಪ್ಪ ಕಳ್ಳ. ವಿಚಾರ ಮಾಡದ ಬೈದಕಿ ನಾನು."

ಮಂದಿ ಬಾಯಿಮ್ಯಾಲೆ ಕೈ ಇಟ್ಕೊಂಡ್ರು. ಹಿಂದ ಬಂದಿದ್ದ ಓಬಳೇಶ ಎದುರಿಗೆ ಕೈ ಕಟ್ಟಿ ನಿಂತಿದ್ದ. ಮುಖದಾಗ ಒಂದಿಷ್ಟೂ ನಗಿ ಇಲ್ಲ. ಆಗಷ್ಟೇ ಹೊಸಪೇಟಿ ಬಸ್ಸು ಬಂದು ನಿಂತು ಮಂದಿ ಇಳಿಯಾಕ ಹತ್ತಿದ್ರು.

"ಇವ್ರಿಗೆ ಕೇಳಿಲ್ಲ" ಅಂದ. "ಇನ್ನೊಮ್ಮೆ ಹೇಳ್ರಿ."

ಗುರುಬಸಮ್ಮ ಇನ್ನೊಮ್ಮೆ ಕೂಗಿದಳು.