ತೂತಿಗೆ ಮೆತ್ತಿದ ಅರಿಶಿನ

ನಂದಕುಮಾರನಿಗೆ ತನ್ನ ಹಳೆಯ ಜೀಪಿನ ಮೇಲಿದ್ದ ಪ್ರೀತಿಯಲ್ಲಿ ಅರ್ಧದಷ್ಟು ಮನುಷ್ಯರ ಮೇಲೂ ಇದ್ದಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ. ಹೆಸರಘಟ್ಟದ ಕೆಸರಿನಲ್ಲಿ ಹಾಲಿನ ಕ್ಯಾನು ಹೊತ್ತು ಸವೆದ ಗಾಡಿ ಅದು. 2014ರಲ್ಲಿ ಅದರ ಹಿಂದಿನ ಆಕ್ಸಲ್ ಗೊರಗೊರ ಅನ್ನತೊಡಗಿದಾಗ ಆರ್.ಟಿ. ನಗರದ ಹಬೀಬುಲ್ಲಾ ಭಾಯ್ ಗ್ಯಾರೇಜಿಗೆ ತಂದು ಬಿಟ್ಟ. ಅಪ್ಪನ ಕಾಲದಿಂದಲೂ ಆ ಜೀಪನ್ನು ರಿಪೇರಿ ಮಾಡಿದವರು ಅವರೊಬ್ಬರೇ.

ಭಾಯ್ ಆಕ್ಸಲ್ ಇಳಿಸಿ ಬಿಚ್ಚಿದರು. ಬೇರಿಂಗು, ಆಯಿಲ್ ಸೋರದಂತೆ ತಡೆಯುವ ಸೀಲು ಎಲ್ಲ ಹೊಸದು ತರಿಸಿದರು. ಖಾಲಿಯಾದ ಹೌಸಿಂಗನ್ನು, ಅಂದರೆ ಆಕ್ಸಲಿನ ಕಬ್ಬಿಣದ ಹೊರಕವಚವನ್ನು, ನಂದಕುಮಾರ ಮನೆಗೆ ಒಯ್ದು, ತುಕ್ಕು ಉಜ್ಜಿ, ಕಪ್ಪು ಪೇಂಟು ಹೊಡೆದ. ಆಯುಧಪೂಜೆ ಹತ್ತಿರವಿತ್ತು. ಪೂಜೆಯಾಗದ ಕಬ್ಬಿಣ ಗಾಡಿ ಸೇರಬಾರದೆಂದು ಅವನ ತಾಯಿ ಸೊಣ್ಣಮ್ಮ ಹಟ ಹಿಡಿದು, ಹೌಸಿಂಗಿನ ನೆತ್ತಿಯಲ್ಲಿದ್ದ ಸಣ್ಣ ತೂತಿಗೆ ಒದ್ದೆ ಅರಿಶಿನ ಮೆತ್ತಿ ಕುಂಕುಮ ಇಟ್ಟರು. ಒರೆಸಕೂಡದು ಅಂತಲೂ ಹೇಳಿದರು. ಮಗ ಭಯಭಕ್ತಿಯಿಂದ ಅದರ ಮೇಲೆಯೇ ತೂತಿನ ಗಾಳಿಯಾಡುವ ಪುಟ್ಟ ಮುಚ್ಚಳ ತಿರುಗಿಸಿ ಕೂರಿಸಿದ. ಒಳಗೆ ಕಾದ ಗಾಳಿ ಹೊರಹೋಗಲು ಇರುವುದೇ ಆ ತೂತು ಎಂಬುದು ಆ ಮಹಾನುಭಾವನಿಗೆ ಗೊತ್ತಿರಲಿಲ್ಲ.

ಭಾಯ್ ಎಲ್ಲ ಜೋಡಿಸಿ ಆಕ್ಸಲ್ ಏರಿಸಿಕೊಟ್ಟರು. ಎರಡೇ ದಿನಕ್ಕೆ ಚಕ್ರದ ಹತ್ತಿರ ಆಯಿಲ್ ಜಿನುಗಿ ಬ್ರೇಕ್ ಶೂ ತೊಯ್ದುಹೋಯಿತು. ಸೀಲು ಬದಲಾಯಿಸಿದರು. ಮತ್ತೆ ಸೋರಿತು. ಗ್ಯಾರೇಜಿನಲ್ಲಿ ನಾಲ್ಕು ಜನ ಗಿರಾಕಿಗಳು ನಿಂತಿದ್ದರು, ನಂದಕುಮಾರನ ಪಿತ್ತ ನೆತ್ತಿಗೇರಿತ್ತು.

“ಕಣ್ ಕಾಣಲ್ಲ ಅಂದ್ರೆ ಇಂಥ ಕೆಲ್ಸಕ್ಕೆ ಯಾಕ್ ಭಾಯ್ ಕೈ ಹಾಕ್ತೀರಾ?”

ಅರವತ್ತೆಂಟರ ಹಬೀಬುಲ್ಲಾ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು. ಬೇರೆ ಕಡೆ ತೋರಿಸಿಕೊಳ್ಳಲು ಹೇಳಿ ಒಳಗೆ ಹೋದರು.

ಎಂಟು ದಿನದ ಮೇಲೆ, ಇನ್ನೊಬ್ಬರ ಕೈಗೆ ಕೊಡಲು ಮನಸ್ಸಾಗದೆ, ಜೀಪು ಓಡಿಸಿ ಮನೆಗೆ ಬಂದವನು ತಾನೇ ಅದರ ಕೆಳಗೆ ನುಗ್ಗಿದ. ಏನೋ ಹೊಳೆದು ಆ ಮುಚ್ಚಳ ಬಿಚ್ಚಿದ. ತೂತಿನ ತುಂಬ ಒಣಗಿ ಕಲ್ಲಾದ ಅರಿಶಿನ. ತಂತಿಯಿಂದ ಚುಚ್ಚಿದರೆ ಒಳಗಿನ ಬಿಸಿಗಾಳಿ ಬುಸ್ಸೆಂದು ಹೊರಬಂತು. ದಾರಿ ಸಿಗದ ಗಾಳಿ ಆಯಿಲನ್ನು ಸೀಲಿನಾಚೆ ತಳ್ಳುತ್ತಿತ್ತು, ಸೀಲುಗಳು ಸೋರಿದ್ದು ಇದಕ್ಕೇ ಎಂದು ನಂದಕುಮಾರನಿಗೆ ಅರ್ಥವಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಳ್ಳೇಕೆ, ಒಂದು ಗಳಿಗೆ ಅವನೂ ಹಾಗೇ ಯೋಚಿಸಿದ. ಆಮೇಲೆ ನಾಚಿಕೆಯಾಗಿ ಆರ್.ಟಿ. ನಗರಕ್ಕೆ ಹೊರಟ.

ಅಲ್ಲಿ ಭಾಯ್ ಯಾರೋ ಗಿರಾಕಿಗೆ, ತಾನೀಗ ಆಕ್ಸಲ್ ಕೆಲಸ ಬಿಟ್ಟಿದ್ದೇನೆ ಎನ್ನುತ್ತಿದ್ದರು.  ನಂದಕುಮಾರ ಆ ಗಿರಾಕಿಯ ಎದುರೇ ನಡೆದದ್ದನ್ನೆಲ್ಲ ಹೇಳಿ, ತಪ್ಪು ತನ್ನದೆಂದು ಒಪ್ಪಿಕೊಂಡ.

ಹಬೀಬುಲ್ಲಾ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಎಂಟ್ ದಿನದಿಂದ ಸೂಜಿಗೆ ದಾರ ಪೋಣಿಸಿ ಪೋಣಿಸಿ ನೋಡ್ತಾ ಇದೀನಿ ಕಣೋ ನಂದು. ಒಂದ್ಸಲಾನೂ ತಪ್ಪಲಿಲ್ಲ. ಆದ್ರೂ ನನ್ ಕಣ್ಣನ್ನ ನಂಬ್ಲಿಲ್ಲ, ನಿನ್ ಮಾತನ್ನೇ ನಂಬ್ದೆ.”