ನೆನೆಹಾಕಿದ ಪ್ಲೇಟುಗಳು

ಅಣ್ಣ ತೀರಿಕೊಂಡ ವಾರದಲ್ಲೇ ಚಿಕ್ಕ ಮೇಸ್ತ್ರಿ ಗ್ಯಾರೇಜಿನ ಷಟರ್ ಎತ್ತಿದ. ಬ್ರೇಕು, ಕ್ಲಚ್ಚು, ಆಯಿಲ್ ಬದಲಾವಣೆ ಎಂದು ಕೈಗೆ ಸಿಕ್ಕಿದ್ದನ್ನು ಮಾಡುತ್ತಾ ಹೋದ. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ಬಂದವರೆಲ್ಲ "ಅತ್ತುಬಿಡಪ್ಪ, ಹಗುರಾಗುತ್ತೆ" ಎಂದರು. ಅಳು ಎಂದರೆ ನಲ್ಲಿ ತಿರುಗಿಸಿದರೆ ಬರುವ ನೀರು ಎಂದುಕೊಂಡಿದ್ದಾರೆ ಜನ. ಸಮಾಧಾನ ಹೇಳುವವರಿಗೆ ಏನು ಕಷ್ಟ, ಬಾಯಿಗೆ ಬಂದದ್ದು ಹೇಳಿ ಎದ್ದು ಹೋಗುತ್ತಾರೆ. ಅವನು ಎಲ್ಲರಿಗೂ "ಹೂಂ" ಎಂದ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಅವನಿಗೆ ಒಳಗೆಲ್ಲ ಹಾಗಾಗಿತ್ತು.

ಆ ಗ್ಯಾರೇಜಿಗೆ ಹೆಸರು ಬಂದದ್ದು ವೇಗದ ಕಾರುಗಳ ಡಿಫರೆನ್ಷಿಯಲ್ ಕೆಲಸದಿಂದ. ಕಾರು ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡೂ ತಮ್ಮ ತಮ್ಮ ಪಾಡಿಗೆ ಓಡಲಿ ಎಂದು ಹಿಂದಿನ ಚಕ್ರಗಳ ನಡುವೆ ಇದನ್ನು ಇಟ್ಟಿರುತ್ತಾರೆ. ಸಾಧಾರಣ ಡಿಫರೆನ್ಷಿಯಲ್‌ಗೆ ಬುದ್ಧಿ ಸ್ವಲ್ಪ ಕಡಿಮೆ. ಒಂದು ಚಕ್ರ ಜಾರತೊಡಗಿತೋ, ಇಂಜಿನ್ನಿನ ಶಕ್ತಿಯನ್ನೆಲ್ಲ ಆ ಜಾರುವ ಚಕ್ರಕ್ಕೇ ಧಾರೆ ಎರೆದುಬಿಡುತ್ತದೆ. ಅದಕ್ಕೇ ವೇಗದ ಕಾರುಗಳಿಗೆ ಲಿಮಿಟೆಡ್ ಸ್ಲಿಪ್ ಎಂಬ ಬೇರೆ ಜಾತಿಯದು. ಅದರೊಳಗೆ ಒಂದರ ಮೇಲೊಂದು ಪೇರಿಸಿದ ತೆಳು ಪ್ಲೇಟುಗಳಿರುತ್ತವೆ. ಒಂದು ಚಕ್ರ ಜಾರಿದರೆ ಅವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು ಇನ್ನೊಂದು ಚಕ್ರಕ್ಕೂ ಶಕ್ತಿ ಮುಟ್ಟಿಸುತ್ತವೆ. ಉಜ್ಜಿ ಉಜ್ಜಿ ಸವೆದ ಹಳೆಯ ಪ್ಲೇಟು ತೆಗೆದು, ಇನ್ನೂ ಗಟ್ಟಿ ಹಿಡಿತದ ಹೊಸವನ್ನು ಹಾಕುವುದು ಅಣ್ಣತಮ್ಮಂದಿರ ಕಸುಬು. ಕೂರಿಸುವುದು ತಮ್ಮ, ಓಡಿಸಿ ಪಳಗಿಸುವುದು ಅಣ್ಣ.

ಹೊಸ ಪ್ಲೇಟುಗಳನ್ನು ಹಿಂದಿನ ದಿನವೇ ಎಣ್ಣೆಯಲ್ಲಿ ನೆನೆಹಾಕಬೇಕು, ಕಾಳು ನೆನೆಹಾಕಿದ ಹಾಗೆ. ಒಣಗಿದ್ದನ್ನೇ ಕೂರಿಸಿದರೆ ಮೊದಲ ಓಟದಲ್ಲೇ ಸುಟ್ಟು ನೀಲಿಗಟ್ಟುತ್ತವೆ. ಆಮೇಲೆ ಹಿಡಿಯಬೇಕಾದಲ್ಲಿ ಬಿಡುತ್ತವೆ, ಬಿಡಬೇಕಾದಲ್ಲಿ ಗಬಕ್ಕನೆ ಹಿಡಿಯುತ್ತವೆ. ಆದ್ದರಿಂದ ಊಟಕ್ಕೆ ಕೂತಾಗ ಅಣ್ಣ ತಪ್ಪದೆ ಕೇಳುತ್ತಿದ್ದ: "ನೆನೆಹಾಕಿದ್ಯೇನೋ?"

"ಹೂಂ."

"ಈ ಮನೇಲಿ ಕಾಳಿಗಿಂತ ಕಬ್ಬಿಣ ನೆನೆಯೋದೇ ಜಾಸ್ತಿ," ಎಂದು ಅತ್ತಿಗೆ ಬಡಿಸುತ್ತಾ ನಗುತ್ತಿದ್ದಳು.

ಅಣ್ಣ ತನಗೆಂದೇ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದ. ಅದರ ಪ್ಲೇಟುಗಳು ಪೂರ್ತಿ ಸವೆದಿದ್ದವು. ತಮ್ಮ ಹೊಸವನ್ನು ಕೂರಿಸಿಕೊಟ್ಟ. ಅಣ್ಣ ಅದನ್ನು ಪಳಗಿಸಿ, ಒಂದು ಬೆಳಿಗ್ಗೆ ಸುಮ್ಮನೆ ಸುತ್ತಾಡಿ ಬರುತ್ತೇನೆಂದು ಹೊರಟ. ರಸ್ತೆ ಒದ್ದೆಯಾಗಿತ್ತು. ತಿರುವಿನಲ್ಲಿ ಕಾರಿನ ಹಿಂಭಾಗ ಹೊರಗೆ ಎಳೆದುಕೊಂಡು ಹೋಗಿ, ಮೂತಿ ಮರಕ್ಕೆ ಬಡಿಯಿತು. ಅಷ್ಟೇ, ಮುಗಿಯಿತು.

ಅಂದಿನಿಂದ ಚಿಕ್ಕ ಮೇಸ್ತ್ರಿಯ ತಲೆಯಲ್ಲಿ ಒಂದೇ ಪ್ರಶ್ನೆ. ಆ ಸಲ ನಾನು ಪ್ಲೇಟು ನೆನೆಹಾಕಿದ್ದೆನೇ? ಅಣ್ಣ ಕೇಳಿದ್ದು ನೆನಪಿದೆ, ತಾನು "ಹೂಂ" ಎಂದದ್ದೂ ನೆನಪಿದೆ. ಆದರೆ ಆ "ಹೂಂ" ಅನ್ನು ನಂಬುವುದು ಹೇಗೆ? ನಿದ್ದೆಯಲ್ಲಿ ಕೇಳಿದ್ದರೂ ಅವನು ಅದನ್ನೇ ಹೇಳುತ್ತಿದ್ದ. ದಿನವೂ ಮಾಡುವ ಕೆಲಸಕ್ಕೆ ನೆನಪು ಅಂಟಿಕೊಳ್ಳುವುದಿಲ್ಲ. ಮನೆಗೆ ಬೀಗ ಹಾಕಿ ಅರ್ಧ ದಾರಿಗೆ ಬಂದವರು ಹಾಕಿದೆನೋ ಇಲ್ಲವೋ ಎಂದು ಒದ್ದಾಡುತ್ತಾರಲ್ಲ, ಅವರಾದರೂ ವಾಪಸು ಹೋಗಿ ನೋಡಬಹುದು.

ನಿಜ ಹೇಳಬೇಕೆಂದರೆ ಅವನೂ ನೋಡಬಹುದಿತ್ತು. ವಿಚಾರಣೆ ಮುಗಿದ ಮೇಲೆ ಪೊಲೀಸರು ಕಾರನ್ನು ತಂದು ಗ್ಯಾರೇಜಿನ ಮೂಲೆಯಲ್ಲೇ ಇಳಿಸಿ ಹೋಗಿದ್ದರು. ಮುಂಭಾಗ ಗುರುತು ಸಿಗದಂತೆ ನುಜ್ಜುಗುಜ್ಜಾಗಿತ್ತು, ಹಿಂಭಾಗಕ್ಕೆ ಗೀರೂ ಬಿದ್ದಿರಲಿಲ್ಲ. ನಾಲ್ಕು ಬೋಲ್ಟು ಸಡಿಲಿಸುವ ಕೆಲಸ. ಅವನು ಅದರ ಮೇಲೆ ಟಾರ್ಪಾಲು ಹೊದಿಸಿ, ಆ ಕಡೆಗೆ ಬೆನ್ನು ಹಾಕಿ ಕೆಲಸ ಮಾಡತೊಡಗಿದ.

ಒಂದು ದಿನ ಹಲ್ಲಿನ ಡಾಕ್ಟರು ತಮ್ಮ ಕಾರು ತಂದರು. ಅಣ್ಣನದೇ ಮಾಡೆಲ್ಲು, ಬಣ್ಣ ಬೇರೆ. "ನಿಮ್ಮಣ್ಣ ಮಾಡಿಕೊಡ್ತೀನಿ ಅಂದಿದ್ರು. ನೀವೇನೂ ಅವಸರ ಮಾಡ್ಬೇಡಿ," ಎಂದು ಸಂಕೋಚದಿಂದ ಕೀಲಿ ಕೊಟ್ಟು ಹೋದರು. ಚಿಕ್ಕ ಮೇಸ್ತ್ರಿ ಡಿಫರೆನ್ಷಿಯಲ್ ಇಳಿಸಿದ, ಸವೆದ ಪ್ಲೇಟುಗಳನ್ನು ತೆಗೆದ, ಹೊಸವನ್ನು ಟ್ರೇಯಲ್ಲಿ ಜೋಡಿಸಿದ. ಎಣ್ಣೆಯ ಡಬ್ಬಿ ಎತ್ತಿಕೊಂಡ. ಸುರಿಯಲು ಕೈ ಬಾರದೆ ಹಾಗೇ ನಿಂತ.

ಗಂಡ ಹೋದ ಮೇಲೆ ಗ್ಯಾರೇಜಿನ ಫೋನು, ಸಾಮಾನು ತರಿಸುವುದು ಎಲ್ಲ ಅತ್ತಿಗೆಯೇ ನೋಡಿಕೊಳ್ಳುತ್ತಿದ್ದಳು. ಟೀ ತಂದವಳು ಅವನು ನಿಂತ ಭಂಗಿ ನೋಡಿ, "ಏನಾಯ್ತೋ?" ಎಂದಳು.

"ಅವತ್ತು ಅಣ್ಣನ ಕಾರಿನ ಪ್ಲೇಟು ನೆನೆಹಾಕಿದ್ನೋ ಇಲ್ವೋ ನೆನಪಾಗ್ತಿಲ್ಲ ಅತ್ತಿಗೆ," ಎಂದ. "ಹಾಕಿಲ್ದೆ ಇದ್ರೆ, ಅಣ್ಣ ಸತ್ತಿದ್ದು ನನ್ನಿಂದ."

ಅತ್ತಿಗೆ ಟೀ ಲೋಟಗಳನ್ನು ಬೆಂಚಿನ ಮೇಲಿಟ್ಟಳು. ಮೂಲೆಯ ಟಾರ್ಪಾಲನ್ನು ಸ್ವಲ್ಪ ಹೊತ್ತು ನೋಡಿದಳು. "ಬಿಚ್ಚಿದ್ರೆ ಗೊತ್ತಾಗುತ್ತಾ?"

"ಗೊತ್ತಾಗುತ್ತೆ."

"ಬಿಚ್ಚು ಮತ್ತೆ."

"ನಂದೇ ತಪ್ಪಾಗಿದ್ರೆ?"

"ಆಗಿದ್ರೆ ನಿಂದೇ ತಪ್ಪು," ಎಂದು ಅವಳೇ ಹೋಗಿ ಟಾರ್ಪಾಲು ಎಳೆದಳು.

ಅವನು ಜಾಕ್ ಕೊಟ್ಟು ಕಾರಿನ ಕೆಳಗೆ ಹೋದ. ಅತ್ತಿಗೆ ಲೈಟು ಹಿಡಿದಳು. ಎಣ್ಣೆ ಇಳಿಯಿತು, ಬೋಲ್ಟು ಸಡಿಲವಾದವು, ಭಾರದ ಗುಂಡು ಪೆಟ್ಟಿಗೆ ಅವನ ಎದೆಯ ಮೇಲೆ ಬಂದು ಕೂತಿತು. ಅದನ್ನು ಬೆಂಚಿಗೆ ತಂದು ಬಿಚ್ಚಿದ. ಪ್ಲೇಟುಗಳನ್ನು ಒಂದೊಂದಾಗಿ ಎತ್ತಿ ಬಟ್ಟೆಯ ಮೇಲೆ ಇಟ್ಟ. ಅತ್ತಿಗೆಗೆ ಅದರಲ್ಲಿ ಏನು ನೋಡಬೇಕೆಂದು ತಿಳಿಯದು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

ನೀಲಿ ಎಲ್ಲೂ ಇರಲಿಲ್ಲ. ಎಲ್ಲ ಪ್ಲೇಟುಗಳೂ ಒಂದೇ ಸಮನಾದ ಬೂದು ಬಣ್ಣ, ಅಂಚಿನವರೆಗೂ ಎಣ್ಣೆ ಕುಡಿದಿದ್ದವು. ಪಳಗಿಸಿದ ಗುರುತೂ ಸಮನಾಗಿತ್ತು. ತಮ್ಮ ಸರಿಯಾಗಿ ಕೂರಿಸಿದ್ದ, ಅಣ್ಣ ಸರಿಯಾಗಿ ಪಳಗಿಸಿದ್ದ. ಒದ್ದೆ ರಸ್ತೆ, ಒಂದು ತಿರುವು, ಒಂದು ಮರ. ಅದಕ್ಕಿಂತ ಹೆಚ್ಚಿನದೇನೂ ಆ ಪೆಟ್ಟಿಗೆಯೊಳಗೆ ಇರಲಿಲ್ಲ.

"ನೆನೆಹಾಕಿದ್ದೆ ಅತ್ತಿಗೆ. ಎಲ್ಲ ಸರಿಯಾಗಿದೆ."

ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಕಾದ. ಇಳಿಯಲಿಲ್ಲ. ಇಷ್ಟು ದಿನ ಅವನ ಬಳಿ ಒಂದು ಪ್ರಶ್ನೆಯಾದರೂ ಇತ್ತು, ಈಗ ಅದೂ ಇಲ್ಲ.

ಅತ್ತಿಗೆ ಸ್ಟೂಲಿನ ಮೇಲೆ ಕೂತಳು. "ನೀನು ಬಿಚ್ತಿರೋವಾಗ ನಾನು ಏನು ಬೇಡ್ಕೋತಿದ್ದೆ ಗೊತ್ತೇನೋ? ನಿಂದೇ ತಪ್ಪಾಗಿರ್ಲಿ ಅಂತ. ಬೈಯೋಕಾದ್ರೂ ಒಬ್ಬ ಸಿಕ್ತಿದ್ದ."

"ನಾನೂ ಅದನ್ನೇ ಬೇಡ್ಕೋತಿದ್ದೆ," ಎಂದ ಅವನು.

ಟೀ ಆರಿ ತಣ್ಣಗಾಗಿತ್ತು. ಇಬ್ಬರೂ ಅದನ್ನೇ ಕುಡಿದರು. ಆಮೇಲೆ ಅವನು ಡಾಕ್ಟರ ಕಾರಿನ ಪ್ಲೇಟುಗಳ ಮೇಲೆ ಎಣ್ಣೆ ಸುರಿದ. ಸುರಿಯುವುದನ್ನು ಕಣ್ಣು ಬಿಟ್ಟು ನೋಡಿದ. ಆದರೂ ಊಟಕ್ಕೆ ಕೂತಾಗ ಅತ್ತಿಗೆ ಬಡಿಸುತ್ತಾ, ತಲೆ ಎತ್ತದೆ, "ನೆನೆಹಾಕಿದ್ಯೇನೋ?" ಎಂದಾಗ ಅವನ ಬಾಯಿಂದ "ಹೂಂ" ಹೊರಡಲು ತುಸು ಹೊತ್ತು ಹಿಡಿಯಿತು.

ಪಳಗಿಸುವುದೆಂದರೆ ಖಾಲಿ ಮೈದಾನದಲ್ಲಿ ಕಾರನ್ನು ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಿಸುವುದು. ಮೊದಮೊದಲು ಹೊಸ ಪ್ಲೇಟುಗಳು ಹಿಂದಿನಿಂದ ಕಟಕಟ ಎನ್ನುತ್ತವೆ. ಒಂದಕ್ಕೊಂದು ಹೊಂದಿಕೊಂಡ ಮೇಲೆ ಸದ್ದು ನಿಲ್ಲುತ್ತದೆ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಹಿಂದೆ ಕೂತು ಕಿವಿಗೊಡಬೇಕು. ಹಿಂದೆ ಕೂರುತ್ತಿದ್ದವನು ಈಗ ಡಾಕ್ಟರ ಕಾರಿನಲ್ಲಿ ಮುಂದೆ ಕೂತ. ಹಿಂದಕ್ಕೆ ಅತ್ತಿಗೆ ಬಂದಳು. ಅಂಥ ಕಾರಿನಲ್ಲಿ ಹಿಂದಿನ ಸೀಟು ಹೆಸರಿಗಷ್ಟೇ. ಅಲ್ಲಿ ಕೂರುವವರು ಮಂಡಿಯನ್ನು ಮನೆಯಲ್ಲೇ ಬಿಟ್ಟು ಬರಬೇಕು. "ಇದ್ರಲ್ಲಿ ನೀನು ಹೇಗೆ ಕೂರ್ತಿದ್ಯೋ, ಪುಣ್ಯಾತ್ಮ," ಎಂದು ಗೊಣಗುತ್ತಾ ಅವಳು ಓರೆಯಾಗಿ ಮುದುಡಿಕೊಂಡಳು.

ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು. ಕಟಕಟ, ಕಟಕಟ. ಮೈದಾನದ ಧೂಳಿನಲ್ಲಿ ಎಂಟರ ಗುರುತು ಮೂಡಿತು. ಚಿಕ್ಕ ಮೇಸ್ತ್ರಿ ಏನನ್ನೂ ಯೋಚಿಸಲಿಲ್ಲ. ಸುತ್ತು ಏರಿದಂತೆ ಸದ್ದು ಸಣ್ಣದಾಗುತ್ತಾ ಬಂತು, ಬಿಟ್ಟು ಬಿಟ್ಟು ಕೇಳಿಸಿತು, ಕೊನೆಗೆ ಪೂರ್ತಿ ನಿಂತಿತು.

ಅದು ನಿಂತ ಮೇಲೆ ಹಿಂದಿನಿಂದ ಇನ್ನೊಂದು ಸದ್ದು ಕೇಳಿಸಿತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಳು. ಎಷ್ಟು ಹೊತ್ತಿನಿಂದಲೋ. ಕಟಕಟದಲ್ಲಿ ಅದು ಮುಚ್ಚಿಹೋಗಿತ್ತು.

ಅವನು ಕನ್ನಡಿ ನೋಡಲಿಲ್ಲ. ಸ್ಟೀರಿಂಗ್ ಹಿಡಿದ ಬೆರಳುಗಳಲ್ಲಿ, ಜೋಮು ಬಿಡುವಾಗಿನ ಹಾಗೆ, ಚುರುಚುರು ಎಂದು ಏನೋ ಹರಿಯಿತು. ನೋವು ಅದು. ತಡೆಯಲಾಗದಷ್ಟು ನೋಯಿತು.

ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆ ಗಂಟಲು ಸರಿಮಾಡಿಕೊಂಡಳು. "ಸದ್ದು ನಿಂತ ಹಾಗಿದೆ ಕಣೋ. ಸಾಕೇನೋ?"

"ಇಲ್ಲ ಅತ್ತಿಗೆ, ಇನ್ನೂ ಪೂರ್ತಿ ಕೂತಿಲ್ಲ," ಎಂದ ಅವನು. "ಇನ್ನೊಂದಷ್ಟು ಸುತ್ತು ಹಾಕ್ಬೇಕು." ಕಾರನ್ನು ಮತ್ತೆ ಎಡಕ್ಕೆ ತಿರುಗಿಸಿದ.