ವಿಷ ಬೆರೆಸದ ಊಟ

ಮಗಳು ಹೋದ ಸುದ್ದಿಯನ್ನು ಅಳಿಯ ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ನಾನು ಬಾಗಿಲು ತೆರೆದಾಗ ಆಸ್ಪತ್ರೆಯ ಚೀಲದಲ್ಲಿ ಅವಳ ಚಪ್ಪಲಿ, ಕನ್ನಡಕ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ. ಕನ್ನಡಕವಿಲ್ಲದೆ ಅವಳು ಹಾಸಿಗೆ ಬಿಟ್ಟು ಏಳುವವಳಲ್ಲ. ನನಗೆ ತಿಳಿಯಿತು. ಒಳಗೆ ಬನ್ನಿ ಎಂದೆ.

ಮೂತ್ರಪಿಂಡ ಸೋತಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯಿತ್ತು. ಅದು ಮುಚ್ಚಿ ಬಹಳ ಕಾಲವಾಯಿತು. ಸೀಸ ಮಾತ್ರ ಅದರ ಅಂಗಳದ ಮಣ್ಣು ಬಿಟ್ಟು ಹೋಗಿಲ್ಲ. ಆ ಮಣ್ಣಿನಲ್ಲಿ ಆಡಿ ಬೆಳೆದವಳು, ಓದಿ ದೊಡ್ಡವಳಾದ ಮೇಲೆ ಅದನ್ನೇ ಪ್ರಯೋಗಾಲಯಕ್ಕೆ ಹೊತ್ತಳು. ಹುಲ್ಲೂ ಚಿಗುರದ ಆ ಜಾಗದಲ್ಲಿ ಬ್ಯಾಕ್ಟೀರಿಯಾಗಳು ಬದುಕಿದ್ದವು. ಒಳನುಗ್ಗಿದ ಸೀಸವನ್ನು ಕೆಲವು ಕತ್ತು ಹಿಡಿದು ಹೊರಗೆ ದಬ್ಬುತ್ತವೆ, ಕೆಲವು ನೀರಿನಲ್ಲಿ ಕರಗದ ಹರಳಾಗಿಸಿ ಕಟ್ಟಿಹಾಕುತ್ತವೆ ಎಂದು ಅವಳು ಹೇಳುತ್ತಿದ್ದಳು. ನಮ್ಮ ಮೂಳೆಗಳೋ, ಅದನ್ನು ಸುಣ್ಣವೆಂದೇ ನಂಬಿ ಮನೆಯೊಳಗೆ ಕೂರಿಸಿಕೊಳ್ಳುತ್ತವೆಯಂತೆ.

ಆ ಬುದ್ಧಿಯನ್ನು ದೇವರು ಮನುಷ್ಯನಿಗೇಕೆ ಕೊಡಲಿಲ್ಲ ಎಂದು ಒಮ್ಮೆ ಕೇಳಿದ್ದೆ.

"ಅವು ಸತ್ತು ಸತ್ತು ಕಲಿತಿವೆ ಅಪ್ಪ. ಕೋಟಿ ಸತ್ತು ಒಂದು ಉಳಿದ್ರೂ ಅವಕ್ಕೆ ಸಾಕು. ನಿಮಗೆ ಇರೋಳು ನಾನೊಬ್ಬಳೇ ಅಲ್ವಾ" ಎಂದು ನಕ್ಕಿದ್ದಳು.

ಹಾಗೆ ಉಳಿದ ಒಂದು ತಳಿಯನ್ನು ವರ್ಷಗಟ್ಟಲೆ ಕುಳಿತು ಆರಿಸಿ ತೆಗೆದಿದ್ದಳು. ಅಂಗಳದ ಮಣ್ಣಿಗೆ ಬೆರೆಸಿ, ಸೀಸವನ್ನು ಅಲ್ಲೇ ಕಟ್ಟಿಹಾಕೀತೇ ಎಂದು ನೋಡುವುದಷ್ಟೇ ಬಾಕಿಯಿತ್ತು. ಅಷ್ಟರಲ್ಲಿ ಅವಳೇ ಇಲ್ಲವಾದಳು. ಅವಳ ಮೇಜು ಇನ್ನೊಬ್ಬರ ಪಾಲಾಯಿತು. ಪ್ರಯೋಗಾಲಯದವರು ತಳಿಯನ್ನು ಎಸೆಯಲು ಹೊರಟಾಗ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಗೆಳತಿ ತಡೆದು, ತಾನು ಬೇರೆ ಜಾಗ ಹೊಂದಿಸುವವರೆಗೆ ಕಾಪಾಡಿ ಎಂದು ಅಳಿಯನ ಕೈಗೆ ಕೊಟ್ಟಳು. ಜೊತೆಗೆ ಎರಡು ಬಗೆಯ ಆಹಾರದ ಬಾಟಲಿ. ಮೊದಲ ಸಲ ಬಿಳಿ ಮುಚ್ಚಳದ್ದು, ಚೇತರಿಸಿಕೊಂಡ ಮೇಲೆ ಕೆಂಪು ಮುಚ್ಚಳದ್ದೇ ಎಂದು ಹೇಳಿದ್ದಳು. ಕೆಂಪಿನದರಲ್ಲಿ ಸೀಸ ಬೆರೆತಿತ್ತು.

ಅಳಿಯ ಬ್ರೆಡ್ ಮಾಡುವವನು. ಬ್ರೆಡ್ ಉಬ್ಬಿಸುವ ಹುಳಿ ಹಿಟ್ಟಿಗೆ ದಿನವೂ ಹೊಸ ಹಿಟ್ಟು ಉಣಿಸಿ ಬದುಕಿಸಿಕೊಳ್ಳುವ ಕೈ ಅವನದು. ಮಕ್ಕಳಿಲ್ಲದ ಆ ಮನೆಯಲ್ಲಿ, ಇವರದು ಹಿಟ್ಟಿನ ಮಕ್ಕಳು, ನನ್ನದು ಮಣ್ಣಿನ ಮಕ್ಕಳು, ಸಂಸಾರಕ್ಕೇನು ಕಮ್ಮಿ ಎಂದು ಮಗಳು ಛೇಡಿಸುತ್ತಿದ್ದಳು. ಈಗ ಅವನು ಎರಡನ್ನೂ ಸಾಕಿದ. ಬಡಗಿಯಾದ ನಾನು ಹಿಂದೆ ಅವಳಿಗೆ ಮಾಡಿಕೊಟ್ಟಿದ್ದ ಮರದ ಸ್ಟ್ಯಾಂಡಿನಲ್ಲಿ ಗಾಜಿನ ನಳಿಕೆಗಳನ್ನು ನಿಲ್ಲಿಸಿದ. ನಾನು ಹೋದಾಗಲೆಲ್ಲ ಒಂದನ್ನು ಬೆಳಕಿಗೆ ಹಿಡಿದು, ಹಾಲಿನಂತೆ ಮಬ್ಬಾದುದನ್ನು ತೋರಿಸುತ್ತಿದ್ದ. ಅವಳದೇನೋ ಒಂದು ಉಸಿರಾಡುತ್ತಿದೆ ಎಂದು ನಾನೂ ನೆಚ್ಚಿಕೊಂಡೆ.

ಗೆಳತಿ ಬಂದು ಒಯ್ದಳು. ಸೀಸ ಬೆರೆಸಿದ ಆಹಾರದ ತಟ್ಟೆಯ ಮೇಲೆ ತಳಿಯನ್ನು ಸವರಿ ಇಟ್ಟು, ವಾರ ಕಳೆದು ಅದರೊಂದಿಗೆ ಮರಳಿ ಬಂದಳು. ತಟ್ಟೆ ತೊಳೆದಿಟ್ಟ ಗಾಜಿನಂತಿತ್ತು. ಒಂದು ಚುಕ್ಕೆಯೂ ಮೂಡಿರಲಿಲ್ಲ. ಯಾವ ಬಾಟಲಿ ಹಾಕಿದಿರಿ ಎಂದು ಕೇಳಿದಳು. ಅಳಿಯ ಒಳಗಿನಿಂದ ಕೆಂಪು ಮುಚ್ಚಳದವನ್ನೆಲ್ಲ ತಂದಿಟ್ಟ. ಎಲ್ಲವೂ ತುಂಬಿದ್ದವು.

"ಮುಚ್ಚಳಾನೇ ತೆಗೆದಿಲ್ವಲ್ಲ ಭಾವ."

"ಅವಳನ್ನ ತಿಂದಿದ್ದು ಅದೇ ತಾನೆ" ಎಂದ ಅಳಿಯ. "ಅವಳು ಸಾಕಿದ್ದಕ್ಕೂ ಅದನ್ನೇ ಹಾಕೋಕೆ ನನಗೆ ಕೈ ಬರ್ಲಿಲ್ಲ."

ಗೆಳತಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ವಿಷ ತಡೆಯುವ ಶಕ್ತಿ ಅವಕ್ಕೊಂದು ಹೊರೆ. ವಿಷವಿಲ್ಲದ ಕಡೆ ಹೊರೆ ಇಳಿಸಿದವೇ ಬೇಗ ಬೆಳೆದು ಮಿಕ್ಕವನ್ನು ಹಿಂದೆ ಹಾಕುತ್ತವೆ ಎಂದು ಮೆಲ್ಲಗೆ ವಿವರಿಸಿದಳು. ಮತ್ತೆ ಮಣ್ಣು ತಂದು ಮೊದಲಿನಿಂದ ಆರಿಸಬಹುದೇ ಎಂದೆ. ಆರಿಸಬಹುದು, ಆದರೆ ಕೂರುವವರು ಯಾರು ಎಂದಳು. ಅವಳಿಗೂ ಬೇರೆ ಕೆಲಸ ಹಚ್ಚಿದ್ದರು.

ಗೆಳತಿ ಹೋದ ಮೇಲೆ ಅಳಿಯ ಕೆಂಪು ಮುಚ್ಚಳದ ಬಾಟಲಿಗಳನ್ನು ಒಂದೊಂದಾಗಿ ಬದಿಗೆ ಸರಿಸಿದ.

"ಮಾವ, ಅವಳನ್ನ ಎರಡನೇ ಸಲ ನಾನೇ ಕಳಕೊಂಡೆ."

ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತೆ. ಹಿಟ್ಟು ಮೆತ್ತಿದ ಅಂಗಿ ಬೆವರಿನಿಂದ ಒದ್ದೆಯಾಗಿತ್ತು.

ಮನೆಗೆ ಮರಳುವಾಗ ಕಾರ್ಖಾನೆಯ ಮುರಿದ ಬೇಲಿಯೊಳಗೆ ನೆರೆಮನೆಯ ಮಕ್ಕಳು ಕುಕ್ಕರುಗಾಲಿನಲ್ಲಿ ಕುಳಿತು ಮಣ್ಣಿನ ಮನೆ ಕಟ್ಟುತ್ತಿದ್ದರು. ಏಳಿ, ಕೈ ತೊಳೆದುಕೊಳ್ಳಿ ಎಂದೆ. ಎದ್ದು ಓಡಿದರು. ನಾನು ತಿರುವು ದಾಟುವಷ್ಟರಲ್ಲಿ ಅವರ ನಗು ಮತ್ತೆ ಅಲ್ಲಿಂದಲೇ ಕೇಳಿಸಿತು.

ದೇವರೇ, ಈ ಮಣ್ಣಿಗಾಗಿ ದುಡಿದ ಕೈಯನ್ನು ನೀನು ಕರೆದುಕೊಂಡೆ. ಏಕೆಂದು ಕೇಳುವ ತ್ರಾಣ ನನಗಿಲ್ಲ. ಅವಳ ಮೂಳೆಗಳಲ್ಲಿ ಕುಳಿತ ಭಾರವನ್ನು ಇಳಿಸು. ನಿನ್ನ ಮಡಿಲಲ್ಲಿ ನನ್ನ ಮಗು ಹಗುರಾಗಿ ಮಲಗಲಿ. ಅವಳಿಗೆ ಶಾಂತಿ ಕೊಡು, ತಂದೆಯೇ.